ದೇವರ ಮುಂದಿಟ್ಟ ತಂಬಾಕು

ನಮ್ಮ ಬಳಗದಲ್ಲಿ ತಂಬಾಕು ಹಾಕುವ ಹೆಂಗಸರಲ್ಲಿ ಉಳಿದವಳು ನಾನೊಬ್ಬಳೇ. ಮಿಕ್ಕವರಲ್ಲಿ ಕೆಲವರು ಬಿಟ್ಟರು, ಕೆಲವರು ಸತ್ತರು. ಕಂಪ್ಲಿಯಲ್ಲಿ ಮಗನ ಮನೆಯ ಹಿತ್ತಲ ಬಾಗಿಲಲ್ಲಿ ನನಗೊಂದು ಜಾಗವಿದೆ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಅಲ್ಲಿ ಕೂತು, ಎಡ ಅಂಗೈಗೆ ಚೂರು ತಂಬಾಕು ಸುರುವಿಕೊಂಡು, ಉಗುರಿನಲ್ಲಿ ಸುಣ್ಣ ತೆಗೆದು ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ, ಮೇಲೆ ಪಟಪಟ ತಟ್ಟಿ, ದವಡೆಯ ಸಂದಿಗೆ ಇಟ್ಟುಕೊಂಡರೆ ಆಗ ನನಗೆ ಬೆಳಗಾಗುತ್ತದೆ. ತಟ್ಟಿದ ಘಾಟಿಗೆ ಅಡುಗೆಮನೆಯಲ್ಲಿ ಸೊಸೆ ಸೀನುತ್ತಾಳೆ.

"ಮಕ್ಕಳು ಮರಿ ಓಡಾಡೋ ಮನಿ ಐತಿ, ಅತ್ತಿ."

"ಓಡಾಡ್ಲಿ ಬಿಡು. ನಾ ಏನು ಅವ್ರ ಬಾಯಾಗ ಇಡಾಕತ್ತೀನೇನು?"

ಹೀಗೆ ದಿನಾ ಬೈಸಿಕೊಂಡು ಬದುಕಿದವಳನ್ನು ಒಮ್ಮೆ ಬಳಗದವರೇ ಬಂದು, ಗುರುಗಳನ್ನು ಕರೆದೊಯ್ಯುವ ಹಾಗೆ ಕರೆದುಕೊಂಡು ಹೋದರು. ತಂಬಾಕು ಹಾಕುವುದು ಹೇಗೆ ಅಂತ ನನ್ನ ತಂಗಿಗೆ ಕಲಿಸಬೇಕಾಗಿತ್ತು.

ನಾವು ಇಬ್ಬರೇ ಅಕ್ಕತಂಗಿಯರು. ಹುಟ್ಟಿದ್ದು ಸಂಡೂರು ಕಡೆಯ ಚೋರನೂರಿನಲ್ಲಿ. ನನ್ನನ್ನು ಕಂಪ್ಲಿಗೆ ಕೊಟ್ಟರು, ಅಕ್ಕಿ ಗಿರಣಿಯ ಕಣದಲ್ಲಿ ಕುದಿಸಿದ ಭತ್ತ ಹರವಿ ಒಣಗಿಸುವ ಕೆಲಸದಲ್ಲಿ ನನ್ನ ವಯಸ್ಸು ಹೋಯಿತು. ತಂಗಿಯನ್ನು ಎಮ್ಮಿಗನೂರಿಗೆ ಕೊಟ್ಟರು, ಭತ್ತದ ಗದ್ದೆ ಇರುವ ಮನೆಗೆ. ಅವಳು ಬೆಳೆಸಿದ ಭತ್ತ ನಾನು ಒಣಗಿಸುತ್ತೇನೆ ಅಂತ ನಗಾಡುತ್ತಿದ್ದೆವು.

ಚಿಕ್ಕವರಿದ್ದಾಗ ನಮ್ಮ ಅಜ್ಜಿ ಮಲಗಿದ್ದ ಹೊತ್ತು ನೋಡಿ ಅವಳ ಚೀಲದಿಂದ ಚಿಟಿಕೆ ತಂಬಾಕು ಕದ್ದು ಇಬ್ಬರೂ ಬಾಯಿಗೆ ಹಾಕಿಕೊಂಡಿದ್ದೆವು. ತಂಗಿ ಥೂ ಅಂತ ಉಗುಳಿ, ಹರವಿಯ ನೀರೆಲ್ಲ ಕುಡಿದು ಅತ್ತಳು. ನನಗೆ ತಲೆ ಗಿರ್ರ್ ಅಂದಿತು, ಆಮೇಲೆ ಲೋಕವೆಲ್ಲ ಚಂದ ಕಂಡಿತು. ಅವತ್ತು ಹಿಡಿದದ್ದು ನನ್ನನ್ನು ಬಿಟ್ಟಿಲ್ಲ. ಅವಳು ಮತ್ತೆ ಜನ್ಮದಲ್ಲಿ ಮುಟ್ಟಲಿಲ್ಲ.

ಅಂಥವಳಿಗೆ ಕೈ ನಡುಗುವ ರೋಗ ಬಂತು. ಮೊದಲು ಬಲಗೈ. ಅದು ಎಂಥ ನಡುಕ ಅಂದರೆ, ಹೆಬ್ಬೆರಳು ಬೆರಳುಗಳ ಮೇಲೆ ಹೊರಳುತ್ತಲೇ ಇರುತ್ತಿತ್ತು, ಥೇಟು ತಂಬಾಕು ತಿಕ್ಕಿದ ಹಾಗೆ. ನೋಡಿದವರು, "ಅಕ್ಕನ ಚಟ ತಂಗಿಗೆ ಹತ್ತೇತಿ" ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ನಡೆಯುವಾಗ ಕಾಲು ಎತ್ತದೆ ಸವರಿಕೊಂಡು ಹೋಗತೊಡಗಿದಳು, ಮುಖ ಗೋಡೆಯ ಹಾಗಾಯಿತು, ನಗೆಯ ಮಾತಿಗೂ ಮುಖ ಅಲ್ಲಾಡುತ್ತಿರಲಿಲ್ಲ. ಹೊಸಪೇಟೆಯಲ್ಲಿ ನರದ ಡಾಕ್ಟರಿಗೆ ತೋರಿಸಿದರು. ಪಾರ್ಕಿನ್ಸನ್ ಅಂದರು. ಗುಳಿಗೆ ಕೊಟ್ಟರು. ಗುಳಿಗೆ ತೆಗೆದುಕೊಂಡು ಸ್ವಲ್ಪ ಹೊತ್ತಿಗೆ ಕೈಕಾಲು ಸಡಿಲಾಗಿ ಅವಳು ಅವಳಾಗುತ್ತಿದ್ದಳು. ಅದರ ಗುಣ ಇಳಿದರೆ ಮತ್ತೆ ಕಟ್ಟಿಗೆ.

ಹಾಗೇ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಅವಳ ಮಗನಿಗೆ ಎರಡನೆಯ ಮಗು ಹುಟ್ಟಿತು, ಹೆಣ್ಣು. ಮೊದಲನೆಯದು ತವರಲ್ಲಿ ಆಗಿದ್ದರಿಂದ ಈ ಸಲ ಹೆರಿಗೆ, ತೊಟ್ಟಿಲ ಕಾರ್ಯ ಎಲ್ಲ ಎಮ್ಮಿಗನೂರಿನಲ್ಲೇ ಅಂತಾಯಿತು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವಾಗ ಹೆಂಗಸರು ಎರಡೂ ಬದಿಗೆ ನಿಂತು ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬರು ಕೊಟ್ಟು, ಇನ್ನೊಬ್ಬರು ತೆಗೆದುಕೊಂಡು, ಮೇಲಿನಿಂದ ತಿರುಗಿ ಕೊಟ್ಟು ಹಾಯಿಸುತ್ತಾರೆ. ಮೊದಲು ಕೊಡುವವಳು ಕೂಸಿನ ಅಪ್ಪನ ತಾಯಿ. ತಂಗಿಗೆ ಅದೊಂದೇ ಚಿಂತೆ ಹತ್ತಿತು.

ಬಾಣಂತಿಯನ್ನು ನೋಡಲು ಹೋದಾಗ ಕಣ್ಣಾರೆ ಕಂಡೆ. ಕೂಸು ಅಳುತ್ತಿತ್ತು. ತಂಗಿ ಪಕ್ಕದಲ್ಲೇ ಕೂತಿದ್ದಳು, ಎರಡೂ ಕೈ ಸೆರಗಿನ ಒಳಗೆ ಮುಚ್ಚಿಕೊಂಡು. ಅವಳ ಸೊಸೆ ಸ್ನಾನದ ಮನೆಯಿಂದ ಒದ್ದೆ ತಲೆಯಲ್ಲಿ ಓಡಿ ಬಂದು ಕೂಸನ್ನು ಎತ್ತಿಕೊಂಡಳು.

"ಯಾಕ, ನೀ ಎತ್ಕೊಬಾರದಿತ್ತೇನು?" ಅಂತ ನಾನು ಕೇಳಿಯೇಬಿಟ್ಟೆ.

"ಕೊಡಂಗಿಲ್ಲವ್ವ ನನಗ," ಅಂದಳು ತಂಗಿ. "ಕೊಡಬಾರದು ಬಿಡು, ಖರೇನ ಐತಿ. ಮೊನ್ನೆ ಚರಿಗಿ ಬೀಳ್ಸೀನಿ. ಆದ್ರ ತೊಟ್ಲಿಗೆ ಹಾಕೋ ದಿನ ಬಂದೋರ ಮುಂದ ನಾ ಏನು ಗೊಂಬಿ ಆಗಿ ಕುಂದ್ರಲೇನು?"

ಅವಳ ಮಗ, ಆ ಕೂಸಿನ ಅಪ್ಪ, ಹಂಪಿಯಲ್ಲಿ ಆಟೋ ಓಡಿಸುತ್ತಾನೆ. ಫಾರಿನ್ ಮಂದಿಯನ್ನು ಕೂರಿಸಿಕೊಂಡು ಗುಡಿ ಗುಡಿ ತಿರುಗಿಸಿ ಅವನಿಗೆ ಅರ್ಧಂಬರ್ಧ ಎಲ್ಲ ಭಾಷೆಯೂ ಬರುತ್ತದೆ, ಪೂರಾ ಯಾವುದೂ ಇಲ್ಲ. ಅವರಲ್ಲಿ ಒಬ್ಬ ಮುದುಕ ದೊರೆ ಮೂರ್ನಾಲ್ಕು ದಿನ ಇವನ ಆಟೋದಲ್ಲೇ ಸುತ್ತಿದನಂತೆ. ಅವನ ತೋಳಿನ ಮೇಲೆ ಒಂದು ಪಟ್ಟಿ ಅಂಟಿಸಿತ್ತಂತೆ. ಏನು ಅಂತ ಕೇಳಿದರೆ ನಿಕೋಟಿನ್ ಅಂದನಂತೆ, ಅದೇ ತಂಬಾಕಿನ ಸತ್ವ. ಇವನು ತನ್ನ ಅವ್ವನ ಕೈ ನಡುಗುವುದನ್ನು ಅಭಿನಯಿಸಿ ತೋರಿಸಿದನಂತೆ. ಆಗ ಆ ದೊರೆ, ಸಿಗರೇಟು ಸೇದುವವರಿಗೆ ಆ ರೋಗ ಬರುವುದು ಕಡಿಮೆ, ನಿಕೋಟಿನ್ ಮಿದುಳಿಗೆ ಹೋಗಿ ಅಲ್ಲಿ ಕೂರಲು ಅದಕ್ಕೆ ಬೇರೆ ಜಾಗವೇ ಇದೆ ಅಂತ ಹೇಳಿದನಂತೆ. ಇವನಿಗೆ ಇಷ್ಟು ಸಾಕಾಯಿತು.

ಮರುದಿನವೇ ಅಪ್ಪ ಮಗ ಇಬ್ಬರೂ ಕಂಪ್ಲಿಗೆ ಬಂದರು. ತಂಗಿಯ ಗಂಡನ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಕುಪ್ಪಸದ ಕಣ, ಎರಡು ಬಾಳೆಹಣ್ಣು. ನಾನು ಗಾಬರಿಯಾದೆ.

"ಇದೇನ್ರಿ, ಈ ವಯಸ್ಸಿನ್ಯಾಗ ನನಗ ಗಂಡು ನೋಡಿ ಬಂದೀರೇನು?"

"ನಗಬ್ಯಾಡ್ರಿ ಅಕ್ಕಾ. ನಿಮ್ಮಿಂದ ಒಂದು ಕೆಲಸ ಆಗ್ಬೇಕು."

ಮಗ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ದೊಡ್ಡವ್ವ, ನಿನ್ನ ಕೈ ಮುಂದ ಚಾಚು." ಚಾಚಿದೆ. "ನೋಡಪ್ಪ, ನಡುಗ್ತೈತೇನು? ಕಂಬ ಇದ್ದಂಗೈತಿ. ನಮ್ಮವ್ವಗಿಂತ ದೊಡ್ಡಾಕಿ. ಒಂದ ತಾಯಿ ಹೊಟ್ಟ್ಯಾಗ ಹುಟ್ಟ್ಯಾರ, ಒಂದ ರೊಟ್ಟಿ ತಿಂದು ಬೆಳದಾರ. ವ್ಯತ್ಯಾಸ ಏನೈತಿ? ತಂಬಾಕು."

ನಿಜ ಹೇಳಬೇಕೆಂದರೆ ಹಿಗ್ಗಿದೆ. ಬಾಗಿಲಲ್ಲಿ ನಿಂತಿದ್ದ ನನ್ನ ಸೊಸೆಯ ಮುಖ ನೋಡಿ ಇನ್ನೂ ಹಿಗ್ಗಿದೆ.

"ಕೇಳಿದೇನವ್ವ? ಇದು ಚಟ ಅಲ್ಲಂತ, ಔಷಧ."

"ಹಂಗಾರ ಊರಿಗೆಲ್ಲ ಹಂಚ್ರಿ," ಅಂದು ಅವಳು ಒಳಗೆ ಹೋದಳು.

ಸೋಮವಾರ ಒಳ್ಳೆಯದು ಅಂತ ಸೋಮವಾರವೇ ಎಮ್ಮಿಗನೂರಿಗೆ ಹೋದೆ. ಅಲ್ಲಿ ನೋಡಿದರೆ ತಂಗಿಯ ಗಂಡ ಅದನ್ನೊಂದು ಹಬ್ಬವೇ ಮಾಡಿಬಿಟ್ಟಿದ್ದ. ಜಗುಲಿ ಸಾರಿಸಿ, ದೇವರ ಮುಂದೆ ದೀಪ ಹಚ್ಚಿ, ತಟ್ಟೆಯಲ್ಲಿ ಎಲೆ ಅಡಿಕೆಯ ಪಕ್ಕ ತಂಬಾಕು, ಸುಣ್ಣ ಇಟ್ಟು, ಮೇಲೆ ಒಂದು ಬಿಲ್ವ ಪತ್ರಿ. ತಂಗಿ ತಲೆಗೆ ನೀರು ಹಾಕಿಕೊಂಡು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಅವತ್ತು ಅವಳು ಬಹಳ ಬಿಗಿದುಕೊಂಡಿದ್ದಳು, ಮಾತೂ ತೊದಲುತ್ತಿತ್ತು. ಹೆದರಿದ್ದಾಳೆ ಅಂದುಕೊಂಡೆ.

"ಇದಕ್ಕ ಮಂಗಳಾರತಿನೂ ಮಾಡಿರೇನ್ರಿ?" ಅಂತ ಕೇಳಿದೆ.

"ಮಾಡೀನ್ರಿ ಅಕ್ಕಾ. ಔಷಧ ಅಂದ ಮ್ಯಾಲೆ ದೇವರಿಗೆ ತೋರ್ಸಿ ತಗೋಬೇಕಲ್ಲ."

ನಾನು ತಂಗಿಯ ಎದುರು ಕೂತು ತಿಕ್ಕುವುದನ್ನು ತೋರಿಸಿದೆ. ತಿಕ್ಕುವುದು ಅವಳಿಗೆ ಕಲಿಸುವುದೇ ಬೇಕಿರಲಿಲ್ಲ, ಅವಳ ಬೆರಳು ಅದನ್ನೇ ಮಾಡುತ್ತಿದ್ದವು. ಹೊಸಬಳು ಅಂತ ನನ್ನ ಅಳತೆಯ ಅರ್ಧ ತೆಗೆದುಕೊಂಡೆ. ಆ ಅರ್ಧವೂ ಜಾಸ್ತಿ ಅಂತ ಆಮೇಲೆ ತಿಳಿಯಿತು. ತಟ್ಟಿದೆ. ಅವಳ ಕೆನ್ನೆಯ ಸಂದಿಗೆ ನಾನೇ ಇಟ್ಟೆ.

"ಹಂಗ ಇಟ್ಕೊ. ಕಡಿಬ್ಯಾಡ. ನೀರು ಬರತೈತಿ, ಉಗುಳು. ಒಳಗ ಬಿಡಬ್ಯಾಡ."

ಅವಳ ಬಾಯಲ್ಲಿ ನೀರು ತುಂಬಿತು. ಕೆನ್ನೆ ಉಬ್ಬಿತು. ನಾನು ಉಗುಳುವ ಡಬ್ಬಿ ಮುಂದೆ ಹಿಡಿದೆ. ಅವಳು ತುಟಿ ಬಿಗಿ ಹಿಡಿದು ತಲೆ ಆಡಿಸಿದಳು.

"ಉಗುಳ್ಲೇ!"

ಬೆರಳಿನಿಂದ ದೇವರ ಕಡೆ ತೋರಿಸಿದಳು. ನನಗೆ ತಿಳಿಯಲಿಲ್ಲ. ಅವಳ ಗಂಡನಿಗೆ ತಿಳಿಯಿತು. "ಹೌದಲ್ರಿ ಅಕ್ಕಾ, ದೇವರ ಮುಂದ ಇಟ್ಟೈತಿ. ಪ್ರಸಾದ ಉಗುಳ್ತಾರೇನು?"

ಅಷ್ಟರಲ್ಲಿ ಅವಳು ಗುಟುಕ್ ಅಂತ ನುಂಗಿಬಿಟ್ಟಳು. ರಸ, ಸೊಪ್ಪು, ಸುಣ್ಣ ಎಲ್ಲ. ನುಂಗಿ ಎರಡೂ ಕೈ ಕಣ್ಣಿಗೆ ಒತ್ತಿಕೊಂಡಳು.

ಪ್ರಸಾದವನ್ನು ಕೆಳಗೆ ಬೀಳಿಸಬಾರದು, ಉಗುಳಬಾರದು ಅಂತ ನಮ್ಮ ಮನೆಗಳಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಕಲಿಸಿರುತ್ತಾರೆ. ದೇವರು ಅದನ್ನು ಔಷಧ ಮಾಡುತ್ತಾನೆ ಅಂದುಕೊಂಡಳೋ ಏನೋ. ಸ್ವಲ್ಪ ಹೊತ್ತಿಗೇ ಮುಖ ಸುಣ್ಣದ ಹಾಗೆ ಬಿಳಿಚಿತು. ಬೆವರು ಧಾರಾಕಾರ. ಆಮೇಲೆ ವಾಂತಿ. ಹಿಡಿದು ಮಲಗಿಸಿದರೆ ಎದೆ ಕುದುರೆ ಓಡಿದ ಹಾಗೆ ಹೊಡೆದುಕೊಳ್ಳುತ್ತಿತ್ತು, ಮೈ ಮಾತ್ರ ಹಲಗೆಯಷ್ಟು ಬಿಗಿ. ಮಗ ಆಟೋ ತಂದ. ಹಿಂದಿನ ಸೀಟಿನಲ್ಲಿ ಅವಳನ್ನು ನನ್ನ ತೊಡೆಯ ಮೇಲೆ ಹಾಕಿಕೊಂಡು ಹೊಸಪೇಟೆಯವರೆಗೂ ಹೋದೆವು. ದಾರಿಯುದ್ದಕ್ಕೂ ಅವಳ ಗಂಡ, "ಮಗನ, ತಗ್ಗು ನೋಡಿ ಓಡ್ಸು," ಅನ್ನುವುದು, ಮಗ, "ತಗ್ಗು ಬಿಟ್ರ ರಸ್ತೆ ಎಲ್ಲೈತೆಪ್ಪ?" ಅನ್ನುವುದು.

ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ವಾಂತಿ ನಿಂತಿತು, ಎದೆ ಬಡಿತ ಇಳಿಯಿತು. ಮೈ ಬಿಗಿ ಮಾತ್ರ ಹೋಗಲಿಲ್ಲ. ನರದ ಡಾಕ್ಟರು ಬಂದರು. ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ, ನಮ್ಮ ಕಡೆಯವಳೇ, ಮಾತಿನಲ್ಲೇ ಗೊತ್ತಾಗುತ್ತಿತ್ತು.

"ತಂಬಾಕು ಕೊಟ್ಟೋರು ಯಾರ್ರಿ?"

ಅಪ್ಪ ಮಗ ಇಬ್ಬರೂ ನನ್ನ ಕಡೆ ನೋಡಿದರು. ತಟ್ಟೆ ಹಿಡಿದು ಬಂದವರು ಇವರೇನಾ ಅನ್ನಿಸಿತು.

"ನಾನರಿ," ಅಂದೆ. "ಕರೆಯಾಕ ಬಂದೋರು ಇವರು."

ಆ ಹುಡುಗಿ ತಂಗಿಯ ಮೊಣಕೈ ಮಡಿಚಿ ಬಿಚ್ಚಿ ನೋಡಿದಳು. ತುಕ್ಕು ಹಿಡಿದ ಬಾಗಿಲಿನ ಹಾಗೆ ತಡೆದು ತಡೆದು ಬಿಚ್ಚಿತು. "ಇದು ತಂಬಾಕಿಂದ ಆಗಿದ್ದಲ್ಲ," ಅಂದಳು. "ಅಮ್ಮಾ, ಗುಳಿಗಿ ತಗೊಂಡೀರಿಲ್ಲೋ?"

ತಂಗಿ ಚಾವಣಿ ನೋಡುತ್ತ ಗುಣುಗಿದಳು. "ಬಿಟ್ಟೀನ್ರಿ. ಎರಡು ಔಷಧ ಕೂಡಿದ್ರ ಹೊಟ್ಟ್ಯಾಗ ಜಗಳಾಡ್ತಾವ. ನಾಟಿ ಔಷಧಕ್ಕ ಪಥ್ಯ ಇರ್ಬೇಕಲ್ರಿ."

ಮಗ ದೊರೆಯ ಮಾತು ತಂದ ದಿನದಿಂದಲೇ ಗುಳಿಗೆ ದಿಂಬಿನ ಕೆಳಗೆ ಸೇರಿಸಿದ್ದಳಂತೆ. ಗಂಡನಿಗೂ ಹೇಳಿರಲಿಲ್ಲ. ಡಾಕ್ಟರ ಮುಖ ಕೆಂಪಾಯಿತು. ಈ ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಮೈ ಹೀಗೆ ಹಿಡಿದುಕೊಂಡು, ಜ್ವರ ಏರಿ, ಜೀವಕ್ಕೇ ಬರುತ್ತದೆ ಅಂದಳು. "ಇವತ್ತಿಂದ ಮತ್ತ ಚಾಲೂ ಮಾಡ್ತೀವಿ. ಮೊದಲಿನಷ್ಟು ಕೈ ಬರತೈತೋ ಇಲ್ಲೋ ಈಗ ಹೇಳಾಕಾಗಂಗಿಲ್ಲ."

ಆಗ ತಂಗಿಯ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಮುಖ ಗೋಡೆ, ಕಣ್ಣಲ್ಲಿ ನೀರು. ನಾನು ಸೆರಗಿನಿಂದ ಒರೆಸಿ, "ತಂಬಾಕು ನುಂಗೋವಾಗ ಭಾಳ ಧೈರ್ಯ ಇತ್ತಲ್ಲ, ಈಗ್ಯಾಕ ಅಳ್ತೀ?" ಅಂದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ತಂಗಿ ಎದ್ದು ಕೂತು ಗಂಜಿ ಕುಡಿದ ಮೇಲೆ ಡಾಕ್ಟರ ಸಿಟ್ಟೂ ಇಳಿದಿತ್ತು. ಆಗ ಮಗ ಮೆಲ್ಲಗೆ ದೊರೆಯ ಮಾತು ತೆಗೆದ. ನನಗೂ ತಿಳಿದುಕೊಳ್ಳಬೇಕಿತ್ತು. ಜೀವಮಾನವೆಲ್ಲ ಬಾಯಲ್ಲಿಟ್ಟುಕೊಂಡದ್ದು ತಲೆಗೆ ಹೋಗಿ ಏನು ಮಾಡುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ, ಬರೀ ಬೈದಿದ್ದರು.

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತಳು. "ನೋಡ್ರಿ ಅಜ್ಜಿ, ತಲಿಯಾಗ ಒಂದು ನರ ಇನ್ನೊಂದು ನರಕ್ಕ ಸುದ್ದಿ ಮುಟ್ಟಿಸ್ಬೇಕಂದ್ರ ಒಂದು ರಸ ಬಿಡತೈತಿ. ಆ ರಸ ಹಿಡಿಯಾಕ ಮುಂದಿನ ನರದ ಮೈಮ್ಯಾಲೆ ಸಣ್ಣ ಸಣ್ಣ ಬಾಗಿಲು ಇರ್ತಾವ. ರಿಸೆಪ್ಟರ್ ಅಂತೀವಿ. ನಮ್ಮ ರಸ ಬಂದು ಮುಟ್ಟಿದ್ರ ಅವು ತೆರೀತಾವ. ತಂಬಾಕಿನ ನಿಕೋಟಿನ್ ಐತಲ್ಲ, ಅದು ನಮ್ಮ ರಸ ಅಲ್ಲ. ಆದ್ರೂ ಆ ಬಾಗಿಲಿಗೆ ಸರಿಯಾಗಿ ಕೂರತೈತಿ. ಹಂಗಾಗಿ ತೆರೀತಾವ."

"ತೆರದ್ರ ಒಳಗ ಏನೈತಿ?"

"ಒಂದು ಕಡೆ ತೆರದ್ರ ಇನ್ನೊಂದು ರಸ ಹರೀತೈತಿ, ಡೋಪಮಿನ್ ಅಂತ. ಖುಷಿ ಅನಸತೈತಿ. ಕೈಕಾಲು ಆಡ್ಸಾಕೂ ಅದ ರಸ ಬೇಕು."

ತಂಗಿಯ ಗಂಡ ಇಷ್ಟು ಹೊತ್ತು ಗೋಡೆಗೆ ಒರಗಿದ್ದವನು ನೆಟ್ಟಗೆ ಕೂತ. ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವನು ಅವನು, ನೀರಿಗಾಗಿ ಅವನು ಆಡದ ಜಗಳವಿಲ್ಲ. "ಅಂದ್ರ ಬಾಗಿಲಲ್ರಿ, ತೂಬು. ತೂಬು ಎತ್ತಿದ್ರ ಗದ್ದಿಗೆ ನೀರು. ಎತ್ತಾಕ ನೀರಾವರಿ ಇಲಾಖೆಯೋನ ಆಗ್ಬೇಕಂತಿಲ್ಲ, ಕಳ್ಳ ಬಂದು ಎತ್ತಿದ್ರೂ ನೀರು ಬರತೈತಿ."

"ಹಂಗ ಅನ್ಕೊಳ್ರಿ. ನಿಕೋಟಿನ್ ಕಳ್ಳ."

ಮಗ ಗೆದ್ದವನ ಹಾಗೆ ನೋಡಿದ. "ಮತ್ತ ನಾ ಹೇಳಿದ್ದು ಅದನ ಅಲ್ರಿ? ನಮ್ಮವ್ವಗ ಆ ರಸ ಕಡಿಮಿ ಆಗೈತಿ. ತಂಬಾಕು ತೂಬು ಎತ್ತತೈತಿ."

"ಎತ್ತತೈತಿ ಖರೆ. ಆದ್ರ ನಿಮ್ಮವ್ವನ ತಲಿಯಾಗ ಆ ರಸ ತಯಾರ ಮಾಡೋ ನರಾನ ಸಾಯಾಕತ್ತಾವ. ಆ ಬಾಗಿಲೂ ಕಡಿಮಿ ಆಗ್ತಾವ."

ಅಪ್ಪ ಮಗನ ತಲೆಗೆ ಒಂದು ಮೊಟಕಿದ. "ಮ್ಯಾಲೆ ಡ್ಯಾಮಿನ್ಯಾಗ ನೀರ ಇಲ್ಲ, ನೀ ಕೆಳಗ ತೂಬು ಎತ್ತಿದ್ರ ಏನು ಬರತೈತಿ? ಕಪ್ಪಿ ಬರ್ತಾವ."

ವಾರ್ಡಿನ ಪಕ್ಕದ ಮಂಚದವರೂ ನಕ್ಕರು. ಡಾಕ್ಟರು ಹೇಳಿದಳು, ಆ ಪಟ್ಟಿ ಅಂಟಿಸಿ ಈ ರೋಗದವರಿಗೆ ಗುಣ ಆಗುತ್ತದೇನೋ ಅಂತ ದೊಡ್ಡ ದೊಡ್ಡವರು ನೋಡಿದ್ದಾರೆ, ಆಗಿಲ್ಲ. ಹಂಪಿಯ ದೊರೆ ಪಟ್ಟಿ ಹಚ್ಚಿಕೊಂಡಿದ್ದು ಬಹುಶಃ ಸಿಗರೇಟು ಬಿಡುವುದಕ್ಕೆ. ಮಗ ಕಿಟಕಿಯ ಹೊರಗೆ ನೋಡತೊಡಗಿದ.

"ಮತ್ತ ಆಕಿ ಹೊಟ್ಟಿ ತೊಳಸಿದ್ದು, ಎದಿ ಹೊಡಕೊಂಡಿದ್ದು ಯಾಕ್ರಿ?" ಅಂತ ನಾನು ಕೇಳಿದೆ.

"ಆ ತೂಬು ತಲಿಯಾಗ ಅಷ್ಟ ಇಲ್ಲರಿ. ಹೊಟ್ಟಿಗೆ, ಎದಿಗೆ ಹೋಗೋ ನರದ ಮ್ಯಾಲೂ ಅದಾವ. ಒಮ್ಮೆಲೆ ಎಲ್ಲಾ ಎತ್ತಿದ್ರ ಹಂಗ ಆಗತೈತಿ. ಹಿಂದಕ ಹುಳಕ್ಕ ತಂಬಾಕಿನ ನೀರು ಹೊಡೀತಿದ್ರಲ್ಲ, ಹುಳ ಸಾಯ್ತಿದ್ದದ್ದೂ ಅದ ಕಾರಣಕ್ಕ."

"ಹೌದ್ರಿ, ನಮ್ಮಪ್ಪ ಮೆಣಸಿನ ಗಿಡಕ್ಕ ಹೊಡೀತಿದ್ದ," ಅಂದ ತಂಗಿಯ ಗಂಡ. ಅಂದವನು ಹೆಂಡತಿಯ ಕಡೆ ನೋಡಿ ಮುಖ ಸಣ್ಣದು ಮಾಡಿಕೊಂಡ. ಹುಳದ ಔಷಧಕ್ಕೆ ಮಂಗಳಾರತಿ ಮಾಡಿದ್ದು ಅವನೇ.

"ನನಗ್ಯಾಕ ಏನೂ ಆಗಂಗಿಲ್ಲ ಹಂಗಾರ?"

"ನಿಮ್ಮ ತೂಬು ಮೊಂಡು ಬಿದ್ದಾವ, ಅಜ್ಜಿ. ಎತ್ತಿ ಎತ್ತಿ ಬೇಸರ ಆಗಿ ತೆರೆಯಂಗಿಲ್ಲ ಅಂತ ಕುಂತಾವ. ಹಂಗಂತ ತಲಿ ಇನ್ನಷ್ಟು ತೂಬು ಕಟ್ಟೈತಿ. ಮುಂಜಾನೆ ಎದ್ದ ಕೂಡ್ಲೆ ಅವೆಲ್ಲಾ ಬಾಯಿ ತಕ್ಕೊಂಡು ತಾ ತಾ ಅಂತಾವ. ಬೇಕು ಬೇಕು ಅನ್ನೋದು ನೀವಲ್ಲ, ಅವು."

ಇಷ್ಟು ವರ್ಷ ನನ್ನ ಮಾತು ನಾನೇ ಆಡುತ್ತಿದ್ದೇನೆ ಅಂದುಕೊಂಡಿದ್ದೆ. ಒಳಗೆ ಇಷ್ಟು ಜನ ಕೂತಿದ್ದಾರೆ ಅಂತ ಗೊತ್ತಿರಲಿಲ್ಲ. ಆದರೂ ಒಂದು ಮಾತು ಬಿಡಲು ಮನಸ್ಸಾಗಲಿಲ್ಲ. "ತಂಬಾಕಿನೋರಿಗೆ ಈ ನಡುಕ ಕಡಿಮಿ ಅಂದನಲ್ಲ ಆ ದೊರಿ, ಅದೂ ಸುಳ್ಳೇನು?"

"ಸುಳ್ಳಲ್ಲ," ಅಂದಳು. "ಸಿಗರೇಟಿನೋರಿಗೆ ಕಡಿಮಿ ಬರೋದು ಖರೆ. ಯಾಕಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ನಿಕೋಟಿನ್ ಆ ನರಗಳನ್ನ ಕಾಯತೈತೋ ಏನೋ ಅಂತ ಕೆಲವರು. ಇನ್ನ ಕೆಲವರು ಹೇಳೋದು ಉಲ್ಟಾ. ಮುಂದ ಈ ರೋಗ ಬರೋ ತಲಿಗೆ ಮೊದಲಿಂದಾನೂ ತಂಬಾಕಿನ ಖುಷಿ ಅಷ್ಟು ಹತ್ತಂಗಿಲ್ಲ, ಅದಕ್ಕ ಅವರು ಹಿಡಿಯಂಗಿಲ್ಲ, ಹಿಡಿದ್ರೂ ಸುಲಭ ಬಿಡ್ತಾರ ಅಂತ."

ಆ ಮಾತು ನನ್ನನ್ನು ಹಿಡಿದು ಕೂರಿಸಿತು. ಚೋರನೂರಿನಲ್ಲಿ ಅಜ್ಜಿಯ ಚೀಲಕ್ಕೆ ಕೈ ಹಾಕಿದ ದಿನ ಇಬ್ಬರ ಬಾಯಲ್ಲೂ ಇದ್ದದ್ದು ಒಂದೇ ಚಿಟಿಕೆ. ತಂಬಾಕು ಹಾಕಿದ್ದರಿಂದ ನನ್ನ ಕೈ ನಡುಗಲಿಲ್ಲವೋ, ನಡುಗದ ಕೈಯವಳಾದ್ದರಿಂದ ತಂಬಾಕು ನನಗೆ ಹಿಡಿಯಿತೋ? ಅವಳು ಉಗುಳಿದ್ದನ್ನು ಅವಳ ಒಳ್ಳೆಯ ಬುದ್ಧಿ ಅಂತ ನಮ್ಮವ್ವ ಊರೆಲ್ಲ ಹೊಗಳಿದ್ದಳು, ನನಗೆ ಬರೆ ಹಾಕುತ್ತೇನೆ ಅಂದಿದ್ದಳು. ಬುದ್ಧಿಯ ಪಾಲು ಎಷ್ಟೋ, ತೂಬಿನ ಪಾಲು ಎಷ್ಟೋ. ಡಾಕ್ಟರಿಗೇ ಗೊತ್ತಿಲ್ಲ ಅಂದಮೇಲೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

"ನಡುಕ ಬರಲಿಲ್ಲ ಅಂತ ಹಿಗ್ಗಬ್ಯಾಡ್ರಿ," ಅಂತ ಆ ಹುಡುಗಿ ನನ್ನ ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದಳು. ಕೆನ್ನೆಯ ಒಳಗೆ ತಂಬಾಕು ಇಡುವ ಜಾಗದ ಚರ್ಮ ಬೆಳ್ಳಗಾಗಿದೆ, ಈಗ ಗಂಟಿಲ್ಲ, ಬಿಡದಿದ್ದರೆ ಬಾಯಿಯ ಡಾಕ್ಟರ ಹತ್ತಿರ ಕತ್ತರಿಸಿಕೊಳ್ಳಬೇಕಾಗುತ್ತದೆ ಅಂದಳು. ಬಿಟ್ಟೆ ಅಂತ ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಬಿಟ್ಟು ನೋಡಿದೆ. ತಲೆನೋವು, ಸಿಟ್ಟು, ಸೊಸೆಯ ಜೊತೆ ಉಪ್ಪಿಗೂ ಜಗಳ, ಬೆಕ್ಕಿಗೂ ಜಗಳ. ಕೊನೆಗೆ ಅವಳೇ, "ಒಂದೀಟು ಹಾಕ್ಕೊಳ್ರಿ ಅತ್ತಿ, ಮನಿಯಾಗ ಶಾಂತಿ ಇರ್ಲಿ," ಅಂದಳು. ಈಗ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಧ್ಯಾಹ್ನದ್ದಕ್ಕೆ ಲವಂಗ ಇಟ್ಟುಕೊಳ್ಳುತ್ತೇನೆ. ಒಳಗಿನವರು ತಾ ತಾ ಅಂದರೆ, "ಇಲಾಖೆಯಿಂದ ಆರ್ಡರ್ ಬಂದಿಲ್ಲ, ಕುಂದ್ರಿ," ಅನ್ನುತ್ತೇನೆ. ಕೆಲವು ಸಲ ಕೇಳುತ್ತಾರೆ.

ತಂಗಿ ಮನೆಗೆ ಬಂದಳು. ಗುಳಿಗೆ ಕೊಡುವ ಜವಾಬ್ದಾರಿಯನ್ನು ಗಂಡ ತೆಗೆದುಕೊಂಡ. ಗುಳಿಗೆ ಅಂದರೆ ಟ್ಯಾಂಕರ್ ಅಂತ ಅವನು ಊರಿಗೆಲ್ಲ ವಿವರಿಸಿದ. ಕಾಲುವೆ ಬತ್ತಿದಾಗ ಟ್ಯಾಂಕರ್ ಬರುತ್ತದೆ, ಖಾಲಿಯಾಗುತ್ತದೆ, ಮತ್ತೆ ಬರಬೇಕು. ಊಟಕ್ಕೆ ಮೊದಲೇ ಗುಳಿಗೆ ಆಗಿರಬೇಕು, ಹಾಲು ಬೇಳೆಯ ಜೊತೆ ಹೋದರೆ ಸರಿಯಾಗಿ ಹತ್ತುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಮೊದಲ ವಾರ ಕೈ ಅಷ್ಟೇನೂ ಬರಲಿಲ್ಲ. ಲೋಟ ಎರಡು ಕೈಯಲ್ಲಿ ಹಿಡಿದರೂ ಅರ್ಧ ನೆಲಕ್ಕೆ. ತೊಟ್ಟಿಲ ದಿನ ಮಾತ್ರ ಹತ್ತಿರ ಬರುತ್ತಿತ್ತು. "ನೀನ ನನ್ನ ಬದ್ಲಿ ಮಾಡಿಬಿಡು, ಅಕ್ಕಾ," ಅಂದಳು. ನಾನು ಹೂಂ ಅಂದೆ. ಮತ್ತೇನು ಅನ್ನಲಿ?

ಆ ದಿನ ಬೆಳಿಗ್ಗೆ ಮನೆ ತುಂಬ ಜನ. ಎಲ್ಲ ಗದ್ದಲದಲ್ಲಿ ಯಾರೋ ಒಬ್ಬಳು ಪ್ರೀತಿ ಉಕ್ಕಿ ತಂಗಿಗೆ ಬಿಸಿ ಹೋಳಿಗೆ ಹಾಲಲ್ಲಿ ನೆನೆಸಿ ತಿನ್ನಿಸಿಬಿಟ್ಟಿದ್ದಳು. ಗುಳಿಗೆ ಅದರ ಮೇಲೆ ಹೋಗಿತ್ತು. ಮುಹೂರ್ತ ಬಂತು, ತಂಗಿ ಇನ್ನೂ ಕಟ್ಟಿಗೆ. ಪೂಜೆಗೆ ಬಂದಿದ್ದ ಐನಾರು ಗಡಿಯಾರ ನೋಡುತ್ತಿದ್ದರು.

"ತಡೀರಿ ಐನಾರ," ಅಂದ ತಂಗಿಯ ಗಂಡ. "ಇನ್ನಾ ನೀರು ಬಂದಿಲ್ಲ."

"ಬಿಂದಿಗಿ ತುಂಬೈತಲ್ರಿ?"

"ಆ ನೀರಲ್ರಿ."

ಹೆಂಗಸರು ಇದ್ದಬದ್ದ ಜೋಗುಳ ಎಲ್ಲ ಹಾಡಿದರು. ಜೋಗುಳ ಮುಗಿದು ಮದುವೆಯ ಹಾಡಿಗೆ ಬಂದರು. ಐನಾರು ಎದ್ದು ನಿಂತರು. "ಮುಹೂರ್ತ ಹೊಂಟೋತ್ರಿ ಯಜಮಾನ್ರ."

"ಹೋಗ್ಲಿ ಬಿಡ್ರಿ, ಇನ್ನೊಂದು ಹಿಡೀರಿ. ಪಂಚಾಂಗದಾಗ ಮುಹೂರ್ತಕ್ಕೇನು ಬರ ಬಿದ್ದೈತೇನು?"

"ಗುಳಿಗಿ ಮುಹೂರ್ತಕ್ಕ ತೊಟ್ಲಾ ಹಾಕಿದ್ದು ನಾ ಎಲ್ಲೂ ನೋಡಿಲ್ಲ ಬಿಡ್ರಿ," ಅನ್ನುತ್ತ ಅವರು ಮತ್ತೆ ಕೂತು, ಚಹ ಇದ್ದರೆ ಕೊಡಿ ಅಂದರು.

ನಾನು ತಂಗಿಯ ಪಕ್ಕದಲ್ಲೇ ಕೂತಿದ್ದೆ. ಐನಾರ ಚಹ ಮುಗಿಯುವ ಹೊತ್ತಿಗೆ ಅವಳ ಮೂಗಿನ ಮೇಲೆ ನೊಣ ಕೂತಿತು. ಅವಳು ಕೈ ಎತ್ತಿ ಓಡಿಸಿದಳು. ಓಡಿಸಿ, ಜಾರಿದ ಸೆರಗು ತಾನೇ ತಲೆಗೆ ಎಳೆದುಕೊಂಡಳು. ಕ್ಷಣ ಹೊತ್ತು ಅವಳೂ ನಾನೂ ಆ ಕೈಯನ್ನೇ ನೋಡಿದೆವು.

"ಏಳು," ಅಂದೆ.

ಎದ್ದಳು. ನಾನು ತೊಟ್ಟಿಲ ಆಚೆ ಬದಿಗೆ ಹೋಗಿ ಕೂತೆ, ನನ್ನ ಮಂಡಿ ಲಟಲಟ ಅಂದವು. ಕೂಸು ಅದರ ತಾಯಿಯ ಕೈಯಲ್ಲಿತ್ತು. ಆ ಹುಡುಗಿ ಅತ್ತೆಯ ಕೈ ನೋಡಿದಳು, ಮುಖ ನೋಡಿದಳು, ಮತ್ತೆ ಕೈ ನೋಡಿದಳು. ಆಮೇಲೆ ಕೂಸನ್ನು ಕೊಟ್ಟು, ತನ್ನ ಎರಡೂ ಕೈ ಅಲ್ಲೇ ಕೆಳಗೆ ಹಿಡಿದುಕೊಂಡು ನಿಂತಳು. ತಂಗಿ ಬಗ್ಗಿ ತೊಟ್ಟಿಲ ಕೆಳಗಿನಿಂದ ನನಗೆ ಕೊಟ್ಟಳು. ನಾನು ಎದ್ದು ಮೇಲಿನಿಂದ ಕೊಟ್ಟೆ. ಮತ್ತೆ ಕೊಟ್ಟಳು. ಐದು ಸಲ ಹಾಯಿಸುವುದು ಪದ್ಧತಿ. ಎರಡಕ್ಕೆ ಅವಳು ದಣಿದಳು.

"ಸಾಕವ್ವ," ಅಂದಳು. ಉಳಿದದ್ದನ್ನು ಬೇರೆಯವರು ಹಾಯಿಸಿದರು.

ಎಲ್ಲ ಮುಗಿದು ಮಂದಿ ಊಟಕ್ಕೆ ಎದ್ದರು. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ ಅದರ ತಾಯಿಯೂ ಉಣ್ಣಲು ಹೋದಳು. ನಾನು ಬಗ್ಗಿ ಮುತ್ತು ಕೊಡಲು ಹೋದೆ. ಕೂಸು ಮುಖ ಕಿವುಚಿ, ಎರಡು ಸಲ ಸೀನಿ, ಕಿಟಾರನೆ ಕಿರುಚಿತು.

ಗೋಡೆಗೆ ಒರಗಿ ಕೂತಿದ್ದ ತಂಗಿ, "ನಿನ್ನ ಬಾಯಿ ನಾತಕ್ಕ ಕೂಸು ಅಳಾಕತ್ತೈತಿ. ದೂರ ಸರಿ ಅತ್ತಾಗ, ಕೊಡು ಇಲ್ಲಿ," ಅಂದು ಕೈ ಚಾಚಿದಳು.

ಯಾರನ್ನೂ ಕೇಳದೆ ಕೊಟ್ಟೆ.